‘ಒಂದ್ನಿಮಿಷ ಸ್ಪ್ಯಾನರ್ ಕೊಡಿ’: ಓದುಗರ ಪ್ರಶ್ನೆ, ಕಸುಬುದಾರರ ಉತ್ತರ

ಸ್ವಂತ ದುಡ್ಡಿನಲ್ಲಿ ಕೊಂಡ ಟೂಲ್ಸ್ ಜೊತೆಯವರಿಗೆ ಕೊಡುವ ವಿಚಾರಕ್ಕೆ ಈ ಸಲ ರಾಶಿ ಪತ್ರಗಳು ಬಂದಿವೆ. ಕೊಟ್ಟದ್ದು ವಾಪಸು ಬರಲ್ಲ, ಬಂದರೂ ಮೊದಲಿನಂತಿರಲ್ಲ, ಕೊಡದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ದೂರು ಹೆಚ್ಚುಕಡಿಮೆ ಇಷ್ಟೇ. ಟೂಲ್ ರೂಮ್, ವೈರಿಂಗ್, ಗ್ಯಾರೇಜು, ಹೊಲಿಗೆ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂಬಲ್ಲಿ ಅವರೆಲ್ಲರ ಮಾತು ಒಂದೇ: ಹಾಳಾದರೆ ಕಣ್ಣಿಗೆ ಕಾಣುವಂಥದ್ದನ್ನು ಧಾರಾಳವಾಗಿ ಕೊಡಿ. ಹಾಳಾದರೂ ಕಾಣದಂಥದ್ದನ್ನು, ಅಂದರೆ ಅಳತೆಯ ಸಾಧನ, ಗೊತ್ತುಪಡಿಸಿದ ಬಿಗಿಗೆ ನಟ್ ಕೂರಿಸುವ ಟಾರ್ಕ್ ರೆಂಚ್, ಕರೆಂಟ್ ಕೆಲಸದ ಮೀಟರು ಇಂಥವನ್ನು, ಕೊಡಬೇಡಿ. ಸುತ್ತಿಗೆಯ ಹಿಡಿ ಸೀಳಿದರೆ ಹಿಡಿದವನಿಗೆ ತಕ್ಷಣ ಗೊತ್ತಾಗುತ್ತದೆ. ವರ್ನಿಯರ್ (ದವಡೆಗಳ ನಡುವೆ ಹಿಡಿದು ಅಳೆಯುವ ಜಾರುಪಟ್ಟಿಯ ಸಾಧನ) ದವಡೆ ಬಾಗಿದರೆ ಗೊತ್ತಾಗುವುದು ಜಾಬ್, ಅಂದರೆ ತಯಾರಿಸುತ್ತಿರುವ ಬಿಡಿಭಾಗ, ರಿಜೆಕ್ಟ್ ಆದ ಮೇಲೆ.

ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಟರ್ನರ್, ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ನನ್ನ ಸ್ವಂತದ 150 ಮಿ.ಮೀ. ವರ್ನಿಯರ್ ಅನ್ನು ಪಕ್ಕದ ಲೇತ್‌ನವರು ಎರಡು ದಿನ ಇಟ್ಟುಕೊಂಡು ವಾಪಸು ಕೊಟ್ಟರು. ನೋಡಲು ಸರಿಯಾಗೇ ಇದೆ. ಆದರೆ ನಾನು ಓಕೆ ಎಂದ ಜಾಬ್ ಇನ್‌ಸ್ಪೆಕ್ಷನ್‌ನಲ್ಲಿ ನಿಲ್ಲುತ್ತಿಲ್ಲ. ವರ್ನಿಯರ್ ಕೆಟ್ಟಿದೆಯೇ ಎಂದು ನಾನೇ ನೋಡಿಕೊಳ್ಳುವುದು ಹೇಗೆ?
— ಟರ್ನರ್, ಪೀಣ್ಯ

ಉತ್ತರ: ಹತ್ತು ನಿಮಿಷದ ಕೆಲಸ. ಮೊದಲು ದವಡೆಗಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಮುಚ್ಚಿ, ಟ್ಯೂಬ್‌ಲೈಟಿಗೆ ಎದುರು ಹಿಡಿಯಿರಿ. ಹೊರ ಅಳತೆಯ ದವಡೆಗಳ ನಡುವೆ ಬೆಳಕು ಕಾಣಬಾರದು. ತುದಿಯಲ್ಲಿ ಮಾತ್ರ ಬೆಳಕು ಕಂಡರೆ ದವಡೆ ಬಾಗಿದೆ, ಇಲ್ಲವೇ ತುದಿ ಸವೆದಿದೆ. ಹಾಗೆ ಮುಚ್ಚಿದಾಗಲೇ ಸೊನ್ನೆ ಗೆರೆಗೆ ಸೊನ್ನೆ ಗೆರೆ ಕೂಡಬೇಕು. ಅಷ್ಟು ನೋಡಿ ಬಿಡಬೇಡಿ. 0.02 ಮಿ.ಮೀ. ವರ್ನಿಯರ್‌ನಲ್ಲಿ ಜಾರುವ ಪಟ್ಟಿಯ 50 ಮನೆ ಸೇರಿದರೆ ಮುಖ್ಯ ಪಟ್ಟಿಯ 49 ಮಿ.ಮೀ. ಆದ್ದರಿಂದ ಕೊನೆಯ ಗೆರೆ 49ರ ಗೆರೆಗೆ ನೇರ ನಿಲ್ಲಬೇಕು. ಸೊನ್ನೆ ಕೂಡಿ ಕೊನೆ ಕೂಡದಿದ್ದರೆ ಜಾರುವ ಪಟ್ಟಿಯೇ ಅಲುಗಿದೆ.

ಆಮೇಲೆ ಗೊತ್ತಿರುವ ಅಳತೆಯ ವಸ್ತುವೊಂದನ್ನು ಅಳೆಯಿರಿ. ಸ್ಲಿಪ್ ಗೇಜ್ (ಕರಾರುವಾಕ್ಕಾದ ಅಳತೆಯ ಉಕ್ಕಿನ ತುಂಡು) ಸಿಕ್ಕರೆ 10, 25, 50 ಮಿ.ಮೀ. ಮೂರೂ ನೋಡಿ. ಸಿಗದಿದ್ದರೆ ಪೊಟ್ಟಣ ಒಡೆಯದ ಹೊಸ 6203 ಬೇರಿಂಗ್ ಸಾಕು. ಅದರ ಹೊರ ವ್ಯಾಸ 40 ಮಿ.ಮೀ., ಒಳ ವ್ಯಾಸ 17. ಹೊರ ವ್ಯಾಸದಲ್ಲಿ ತಯಾರಕರಿಗೆ ಇರುವ ಸಡಿಲಿಕೆ 40ರಿಂದ ಕೆಳಕ್ಕೆ 11 ಮೈಕ್ರಾನ್ (0.011 ಮಿ.ಮೀ.) ಮಾತ್ರ, ನಿಮ್ಮ ವರ್ನಿಯರ್‌ಗೆ ಕಾಣದಷ್ಟು. ಬೇರಿಂಗ್‌ನ ಅಗಲ ಮಾತ್ರ ನಂಬಬೇಡಿ, ಅದಕ್ಕೆ ಸಡಿಲಿಕೆ ಬಹಳ. ಹೊರ ವ್ಯಾಸವನ್ನು ದವಡೆಯ ಬುಡದಲ್ಲಿ, ನಡುವೆ, ತುದಿಯಲ್ಲಿ ಹೀಗೆ ಮೂರು ಕಡೆ ಹಿಡಿದು ಓದಿ. ಮೂರೂ ಒಂದೇ ಬಂದು 40.00 ಇದ್ದರೆ ವರ್ನಿಯರ್ ಸರಿ ಇದೆ. ಬುಡದಲ್ಲಿ 40.00, ತುದಿಯಲ್ಲಿ 39.94 ಬಂತೆಂದರೆ ತುದಿಗಳ ನಡುವೆ ಸಂದು ಬಿದ್ದಿದೆ: ತುದಿಯಲ್ಲಿ ಅಳೆದ ಜಾಬ್ ಎಲ್ಲ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಒಳ ದವಡೆ ಸಣ್ಣ ತೂತಿನಲ್ಲಿ ಕೂದಲೆಳೆಯಷ್ಟು ಕಡಿಮೆ ತೋರಿಸುವುದು ಸಹಜ. ಅದನ್ನು ದೋಷಕ್ಕೆ ಸೇರಿಸಬೇಡಿ.

ಜಾರುವ ಭಾಗದ ಮೇಲಂಚಿನಲ್ಲಿ ಎರಡು ಪುಟ್ಟ ಸ್ಕ್ರೂ ಇರುತ್ತವೆ. ಅವು ಸಡಿಲಾದರೆ ದವಡೆ ಓಲಾಡುತ್ತದೆ, ಒತ್ತಿದಷ್ಟೂ ಬೇರೆ ಬೇರೆ ಅಳತೆ ಬರುತ್ತದೆ. ಪೂರ್ತಿ ಬಿಗಿ ಮಾಡಿ, ಸುತ್ತಿನ ಎಂಟರಲ್ಲೊಂದು ಭಾಗ ಹಿಂದಕ್ಕೆ ಬಿಡಿ. ಈ ರಿಪೇರಿ ಮನೆಯಲ್ಲೇ ಆಗುತ್ತದೆ. ಬಾಗಿದ ದವಡೆಯದು ಆಗುವುದಿಲ್ಲ. ಸಾಣೆ ಕಲ್ಲಿಗೆ ತೀಡಿ ಸರಿ ಮಾಡುತ್ತೇನೆನ್ನುವವರ ಕೈಗೆ ಕೊಡಬೇಡಿ.

ಹಾಳಾದದ್ದು ಹೇಗೆ ಎಂದು ಕೇಳಿದರೆ ಮೂರೇ ಕಾರಣ. ಜಾಬ್ ಹಿಡಿದ ಚಕ್ ತಿರುಗುತ್ತಿರುವಾಗಲೇ ಜಾಬ್‌ಗೆ ದವಡೆ ಹಾಕುವುದು, ಒಳ ದವಡೆಯ ಚೂಪಿನಿಂದ ಜಾಬ್ ಮೇಲೆ ಗೆರೆ ಎಳೆಯುವುದು, ಅಳತೆ ಲಾಕ್ ಮಾಡಿ ಜಾಬ್ ಮೇಲೆ ಒತ್ತಿ ತೂರಿಸುವುದು. ಮೂರೂ ಪ್ರತಿದಿನ ಕಾಣುವ ದೃಶ್ಯವೇ. ಒಂದು ಎಚ್ಚರಿಕೆ: ಪಕ್ಕದವರ ಮೇಲೆ ಹೇರುವ ಮುಂಚೆ ಜಾಬ್ ತಣ್ಣಗಾಗಲು ಬಿಟ್ಟು ಅಳೆಯಿರಿ. 100 ಮಿ.ಮೀ. ಉಕ್ಕಿನ ಜಾಬ್ 40 ಡಿಗ್ರಿ ಬಿಸಿ ಹೆಚ್ಚಿದ್ದರೆ ಸುಮಾರು 0.046 ಮಿ.ಮೀ. ಉಬ್ಬಿರುತ್ತದೆ. ಬಿಸಿಯಲ್ಲಿ ಓಕೆ ಆದದ್ದು ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಅಂಡರ್‌ಸೈಜ್ ಆಗುತ್ತದೆ, ವರ್ನಿಯರ್‌ದು ಏನೂ ತಪ್ಪಿಲ್ಲದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು.

ಪ್ರಶ್ನೆ: ನಮ್ಮ ಯೂನಿಟ್ ವಾಹನದ ಬಿಡಿಭಾಗ ಮಾಡುತ್ತದೆ. ಆಡಿಟ್ ಇದೆ, ಸ್ವಂತ ಮೈಕ್ರೋಮೀಟರ್ (ವರ್ನಿಯರ್‌ಗಿಂತ ಸೂಕ್ಷ್ಮವಾಗಿ ದಪ್ಪ ಅಳೆಯುವ ಸಾಧನ) ಯಾರೂ ತರಬೇಡಿ ಎಂದು ಕ್ವಾಲಿಟಿಯವರು ಹೇಳಿದ್ದಾರೆ. ನನ್ನದು ಕಂಪನಿಯದಕ್ಕಿಂತ ಚೆನ್ನಾಗಿದೆ. ತಂದರೆ ತಪ್ಪೇನು?
— ಓದುಗರು, ಬೊಮ್ಮಸಂದ್ರ

ಉತ್ತರ: ತರುವುದು ತಪ್ಪಲ್ಲ. ಲೆಕ್ಕದಲ್ಲಿಲ್ಲದೆ ತರುವುದು ತಪ್ಪು. ವಾಹನ ಉದ್ಯಮದ ಗುಣಮಟ್ಟ ವ್ಯವಸ್ಥೆಯಾದ ಐ.ಎ.ಟಿ.ಎಫ್. 16949, ಕೆಲಸಗಾರರ ಸ್ವಂತದ ಅಳತೆ ಸಾಧನಗಳಿಗೂ ಕ್ಯಾಲಿಬ್ರೇಶನ್ (ಪ್ರಮಾಣಿತ ಅಳತೆಗೆ ಹೋಲಿಸಿ ನೋಡಿದ) ದಾಖಲೆ ಇರಬೇಕೆಂದು ಹೆಸರು ಹಿಡಿದೇ ಹೇಳುತ್ತದೆ. ಹಾಗಾಗಿ ನಿಮ್ಮ ಮೈಕ್ರೋಮೀಟರ್‌ಗೆ ಕಂಪನಿಯ ಪಟ್ಟಿಯಲ್ಲಿ ಒಂದು ನಂಬರ್ ಹಾಕಿಸಿ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್.ಎ.ಬಿ.ಎಲ್.ನ ಮಾನ್ಯತೆಯ ಲ್ಯಾಬ್‌ನಲ್ಲಿ ಅದರ ಕ್ಯಾಲಿಬ್ರೇಶನ್ ಮಾಡಿಸಿ, ಮುಂದಿನ ತಾರೀಖಿನ ಸ್ಟಿಕ್ಕರ್ ಅಂಟಿಸಲಿ. ಕಂಪನಿ ಒಪ್ಪದಿದ್ದರೆ ಮನೆಯಲ್ಲಿಡಿ. ಪಟ್ಟಿಯಲ್ಲಿರುವ ಸಾಧನವನ್ನು ಬೇರೆ ಲೈನಿನವರಿಗೆ ಕೊಟ್ಟರೂ ಆಡಿಟರ್ ಪ್ರಶ್ನಿಸುತ್ತಾರೆ. ಯಾವ ಜಾಬ್ ಯಾವ ಸಾಧನದಲ್ಲಿ ಅಳೆದದ್ದು ಎಂಬ ಸರಪಳಿ ಅಲ್ಲಿ ತುಂಡಾಗುತ್ತದೆ.

ಇನ್ನೊಂದು, ಗೇಟ್. ಸ್ವಂತ ಟೂಲ್ ಒಳಗೆ ತರುವಾಗಲೇ ಸೆಕ್ಯುರಿಟಿಯ ಪುಸ್ತಕದಲ್ಲಿ ಮೇಕ್, ಅಳತೆ, ಸೀರಿಯಲ್ ನಂಬರ್ ಬರೆಸಿ, ಸಹಿ ತಗೊಳ್ಳಿ. ಬರೆಸದ ಟೂಲ್ ಹೊರಗೆ ಹೋಗುವಾಗ ನಿಮ್ಮ ಬ್ಯಾಗಿನಲ್ಲಿ ಸಿಕ್ಕರೂ ಕಷ್ಟ, ನಿಮ್ಮಿಂದ ಪಡೆದವನ ಬ್ಯಾಗಿನಲ್ಲಿ ಸಿಕ್ಕರಂತೂ ಇಬ್ಬರಿಗೂ ಕಷ್ಟ.

ಮೈಕ್ರೋಮೀಟರ್ ವಾಪಸು ಬಂದಾಗ ಎರಡೂ ಮುಖ ಒತ್ತಿ ಮುಚ್ಚಿರುವುದನ್ನು ನೋಡಿದರೆ ಬಿಡಿಸಿಡಿ. ಒಂದು ಮಿ.ಮೀ.ನಷ್ಟು ಸಂದು ಬಿಟ್ಟೇ ಇಡಬೇಕು, ಇಲ್ಲದಿದ್ದರೆ ಮುಖಗಳ ನಡುವೆ ಸಿಕ್ಕಿಬಿದ್ದ ತೇವ ಅಲ್ಲೇ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಎಲೆಕ್ಟ್ರಿಷಿಯನ್ ಕೆಲಸದಲ್ಲಿದ್ದೇನೆ. ಸೈಟ್‌ನಲ್ಲಿ ಟೆಸ್ಟರ್, ಕಟಿಂಗ್ ಪ್ಲೈಯರ್, ಮಲ್ಟಿಮೀಟರ್ ಎಲ್ಲರೂ ಕೇಳುತ್ತಾರೆ. ಕೊಟ್ಟರೆ ಏನಾಗುತ್ತದೆ?
— ಓದುಗರು, ತುಮಕೂರು

ಉತ್ತರ: ಮೂರರಲ್ಲಿ ಮೊದಲು ಕೊಡಬಾರದ್ದು ಮಲ್ಟಿಮೀಟರ್. ಕಾರಣ ಬೆಲೆಯಲ್ಲ. ಪಡೆದವರು ಆಂಪಿಯರ್ ನೋಡಲು ಕೆಂಪು ವೈರನ್ನು 10ಎ ಎಂದಿರುವ ತೂತಿಗೆ ಚುಚ್ಚುತ್ತಾರೆ, ಹಾಗೇ ವಾಪಸು ಕೊಡುತ್ತಾರೆ. ನೀವು ಡಯಲ್ ತಿರುಗಿಸಿ ವೋಲ್ಟೇಜ್‌ಗೆ ಇಟ್ಟು ಸಾಕೆಟ್‌ಗೆ ಮುಟ್ಟಿಸುತ್ತೀರಿ. ಡಯಲ್ ಏನೇ ಹೇಳಲಿ, 10ಎ ತೂತಿನಿಂದ ಕಪ್ಪು ವೈರಿನ ತೂತಾದ ಕಾಮನ್‌ಗೆ ಒಳಗೆ ಇರುವುದು ದಪ್ಪ ತಂತಿಯ ತುಂಡು. ಅಂದರೆ 230 ವೋಲ್ಟ್‌ಗೆ ನೇರ ಶಾರ್ಟ್. ಒಳ್ಳೆ ಮೀಟರಾದರೆ ಮರಳು ತುಂಬಿದ ಫ್ಯೂಸ್ ಹಾರಿ ಅಲ್ಲಿಗೆ ನಿಲ್ಲುತ್ತದೆ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿನ ಪಕ್ಕದಲ್ಲೇ ‘ಅನ್‌ಫ್ಯೂಸ್ಡ್’ ಎಂದು ಬರೆದಿರುತ್ತದೆ. ಅಂಥದ್ದರಲ್ಲಿ ಪ್ರೋಬ್ (ಮೀಟರಿನ ವೈರಿನ ಚೂಪು ಕಡ್ಡಿ) ತುದಿ ಕರಗಿ ಮುಖಕ್ಕೆ ಸಿಡಿಯುತ್ತದೆ. ಹಿಂದೆ ಯಾರೋ ಫ್ಯೂಸ್ ಜಾಗಕ್ಕೆ ತಂತಿ ಸುತ್ತಿಟ್ಟಿದ್ದರೂ ಅದೇ ಗತಿ.

ಕೊಡಲೇಬೇಕಾಗಿ ಬಂದರೆ 10ಎ ತೂತಿಗೆ ಇನ್ಸುಲೇಶನ್ ಟೇಪ್ ಅಂಟಿಸಿ ಕೊಡಿ. ವಾಪಸು ಬಂದ ಮೇಲೆ ಇದೇ ಕ್ರಮದಲ್ಲಿ ನೋಡಿ: ಕೆಂಪು ವೈರ್ ವೋಲ್ಟ್-ಓಮ್ ತೂತಿನಲ್ಲಿದೆಯೇ, ವೈರಿನ ಮೇಲೆ ಸುಟ್ಟ ಗುರುತು ಅಥವಾ ಸೀಳು ಇದೆಯೇ, ಓಮ್‌ನಲ್ಲಿ ಎರಡೂ ಪ್ರೋಬ್ ಕೂಡಿಸಿದರೆ ಅರ್ಧ ಓಮ್‌ಗಿಂತ ಕಡಿಮೆ ಬರುತ್ತದೆಯೇ, ಬ್ಯಾಟರಿ ಗುರುತು ಮಿನುಗುತ್ತಿದೆಯೇ. ಬ್ಯಾಟರಿ ಇಳಿದರೆ ಅಗ್ಗದ ಮೀಟರ್ ವೋಲ್ಟೇಜನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕೊನೆಗೆ ಕರೆಂಟ್ ಇದೆಯೆಂದು ಗೊತ್ತಿರುವ ಸಾಕೆಟ್‌ನಲ್ಲಿ ಒಮ್ಮೆ, ಕೆಲಸ ಮಾಡಬೇಕಾದ ಲೈನ್‌ನಲ್ಲಿ ಒಮ್ಮೆ, ಮತ್ತೆ ಅದೇ ಸಾಕೆಟ್‌ನಲ್ಲಿ ಒಮ್ಮೆ ನೋಡಿ. ನಡುವಿನದು ಸೊನ್ನೆ ಬಂದು, ಆಚೆ ಈಚೆಯವು ಸರಿ ಬಂದರೆ ಮಾತ್ರ ಲೈನ್ ಆಫ್ ಎಂದು ನಂಬಿ.

ಟೆಸ್ಟರ್‌ಗೂ ಇದೇ ಪರೀಕ್ಷೆ. ಸ್ಕ್ರೂ ಬಿಚ್ಚಲು ತಿರುಚಿದ ಟೆಸ್ಟರ್‌ನ ಪ್ಲಾಸ್ಟಿಕ್ ಒಳಗೇ ಸೀಳಿರುತ್ತದೆ. ಮಳೆಗಾಲದಲ್ಲಿ ಆ ಸೀಳಿನಲ್ಲಿ ತೇವ ನಿಂತರೆ ಒಳಗಿನ ರೆಸಿಸ್ಟರನ್ನು ದಾಟಿ ಕರೆಂಟ್ ಕೈಗೆ ಬರಲು ದಾರಿ ಸಿಗುತ್ತದೆ. ಪ್ಲೈಯರ್ ವಿಷಯದಲ್ಲಿ ಒಂದು ಮಾತು: ಹಿಡಿಗೆ ಪ್ಲಾಸ್ಟಿಕ್ ಕವಚವಿದ್ದ ಮಾತ್ರಕ್ಕೆ ಅದು ಇನ್ಸುಲೇಟೆಡ್ ಅಲ್ಲ. ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಎಂಬ ಬರಹ ಎರಡೂ ಇರಬೇಕು. ಕೆಲವು ಹಿಡಿಗಳಲ್ಲಿ ಎರಡು ಬಣ್ಣದ ಪದರ ಇರುತ್ತದೆ. ಮೇಲಿನದು ಕೊಯ್ದು ಒಳಗಿನ ಬಣ್ಣ ಕಂಡರೆ ಅದು ಮತ್ತೆ ಲೈವ್ ಕೆಲಸಕ್ಕೆ ಬಾರದು. ಟೇಪ್ ಸುತ್ತಿ ಬಳಸುವ ಜಾಣತನ ಬೇಡ. ಸೈಟ್‌ನಲ್ಲಿ ಕೇಳುವವರು ತಪ್ಪುವುದಿಲ್ಲವಾದರೆ ಸಾದಾ ಕಟಿಂಗ್ ಪ್ಲೈಯರ್ ಒಂದನ್ನು ಕೊಡುವುದಕ್ಕೆಂದೇ ಇಟ್ಟುಕೊಳ್ಳಿ, ಅದರ ಹಿಡಿಯ ಕವಚ ಪೂರ್ತಿ ಬಿಚ್ಚಿಬಿಡಿ. ಬರಿ ಕಬ್ಬಿಣ ಕಂಡರೆ ಯಾರೂ ಲೈವ್ ಮುಟ್ಟಲು ಹೋಗುವುದಿಲ್ಲ.

ಪ್ರಶ್ನೆ: ನಾ ಉದ್ಯಮಬಾಗದಾಗ ಫ್ಯಾಬ್ರಿಕೇಶನ್ ಕೆಲಸ ಮಾಡ್ತೀನ್ರಿ. ನನ್ನ ನಾಕ ಇಂಚಿನ ಗ್ರೈಂಡರ್ ಬಾಜೂಕಿನ ಹುಡುಗ ಕೇಳಿದ, ಕೊಟ್ಟೆ. ವೀಲ್ ಮ್ಯಾಲಿನ ಗಾರ್ಡ್ ನಾ ಮೊದಲ ಬಿಚ್ಚಿ ಇಟ್ಟಿದ್ದೆ. ವೀಲ್ ಒಡದು ಅವನ ಕೈಗೆ ಪೆಟ್ಟಾತು. ಇದ್ರಾಗ ನಂದೂ ಜವಾಬ್ದಾರಿ ಬರತೈತೇನ್ರಿ?
— ಓದುಗರು, ಬೆಳಗಾವಿ

ಉತ್ತರ: ಬರುತ್ತದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 150ನೇ ಕಲಂ ಇಂಥದ್ದಕ್ಕೇ ಇದೆ. ಕೊಡುವ ವಸ್ತುವಿನ ದೋಷ ಕೊಡುವವನಿಗೆ ಗೊತ್ತಿದ್ದು, ಅದರಿಂದ ಪಡೆಯುವವನಿಗೆ ಅಪಾಯ ಇದ್ದರೆ, ಹೇಳಿಯೇ ಕೊಡಬೇಕು. ಹೇಳದೆ ಕೊಟ್ಟರೆ ಆ ದೋಷದಿಂದ ನೇರವಾಗಿ ಆದ ನಷ್ಟಕ್ಕೆ ಕೊಟ್ಟವನೇ ಹೊಣೆ. ಬಾಡಿಗೆ ತಗೊಳ್ಳದೆ ಪುಕ್ಕಟೆ ಕೊಟ್ಟಿದ್ದರೂ ಅಷ್ಟೇ. ಗಾರ್ಡ್ ಇಲ್ಲದ್ದು ಕಣ್ಣಿಗೆ ಕಾಣುವ ದೋಷವಲ್ಲವೇ ಎಂದು ವಾದಿಸಬಹುದು. ಆದರೆ ಕೆಲಸಕ್ಕೆ ಹೊಸಬನಾದ ಹುಡುಗನ ಮುಂದೆ ಆ ವಾದ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಹಾಗಂತ ಮಾಲೀಕರು ಕೈ ತೊಳೆದುಕೊಳ್ಳುವಂತಿಲ್ಲ. ಕೆಲಸದ ಜಾಗದಲ್ಲಿ, ಕೆಲಸ ಮಾಡುವಾಗ ಆದ ಪೆಟ್ಟು ಅದು. ಟೂಲ್ ಯಾರ ದುಡ್ಡಿನದಾದರೂ ಅಪಘಾತ ಪುಸ್ತಕದಲ್ಲಿ ಬರೆಯಿಸಿ. ಹುಡುಗನಿಗೆ ಇ.ಎಸ್.ಐ. ಇದ್ದರೆ ಅಪಘಾತದ ವರದಿ ಹೋಗಲೇಬೇಕು. ಮುಚ್ಚಿಟ್ಟರೆ ಅವನ ಚಿಕಿತ್ಸೆ, ಪರಿಹಾರ ಎರಡಕ್ಕೂ ಕುತ್ತು.

ಗ್ರೈಂಡರ್ ಕೊಡುವುದಾದರೆ ಬರೀ ಮಷಿನ್ ಕೊಡಬೇಡಿ. ಗಾರ್ಡ್, ಪಕ್ಕದ ಹಿಡಿ, ವೀಲ್ ಬಿಚ್ಚುವ ಕೀ ಮೂರೂ ಜೊತೆಗೆ ಹೋಗಬೇಕು. ಗಾರ್ಡ್ ಬಿಚ್ಚುವುದು ಹೆಚ್ಚಾಗಿ ದೊಡ್ಡ ವೀಲ್ ತೂರಿಸಲು, ಅಲ್ಲೇ ಇರುವುದು ಸಾವು. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. 100 ಮಿ.ಮೀ. ವೀಲ್ ತಡೆಯುವ ವೇಗ ಸುಮಾರು 15,200, ಆದ್ದರಿಂದ ನಡೆಯುತ್ತದೆ. ಏಳು ಇಂಚಿನ ವೀಲ್ ತಡೆಯುವುದು 8,500 ಮಾತ್ರ, ಅದನ್ನು ಇದಕ್ಕೆ ಹಾಕಿದರೆ ಚೂರುಚೂರಾಗಿ ಹಾರುತ್ತದೆ. ವೀಲ್‌ನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಕೆತ್ತಿರುತ್ತದೆ. ಅದು ಅವಧಿ ಮುಗಿಯುವ ದಿನ, ತಯಾರಾದಂದಿನಿಂದ ಮೂರು ವರ್ಷ. ಒಂದು ಮಿ.ಮೀ. ದಪ್ಪದ ಕಟಿಂಗ್ ವೀಲ್‌ನ ಮೈಯನ್ನು ಒತ್ತಿ ವೆಲ್ಡಿಂಗ್ ಉಜ್ಜುವ ಅಭ್ಯಾಸ ಕೆಲವರಿಗಿದೆ. ಅಂಥವರಿಗೆ ಮಷಿನ್ ಕೊಡಲೇಬೇಡಿ. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿಕೊಳ್ಳುತ್ತೇನೆ ಎಂದವರಿಗೂ. ಹೊಸ ವೀಲ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಅರ್ಧ ನಿಮಿಷ ಖಾಲಿ ಓಡಿಸಿ. ಒಡೆಯುವಂಥದ್ದಿದ್ದರೆ ಹೆಚ್ಚಾಗಿ ಆಗಲೇ ಒಡೆಯುತ್ತದೆ.

ಪ್ರಶ್ನೆ: ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಆರು ಜನ ಮೆಕ್ಯಾನಿಕ್‌ಗಳು, ಆರು ಜನರದ್ದೂ ಒಂದೇ ಕಂಪನಿಯ ಸ್ಪ್ಯಾನರ್. ಯಾರದ್ದು ಯಾವುದು ಎಂದು ದಿನಾ ಜಗಳ. ಪೇಂಟ್ ಹಚ್ಚಿದರೆ ಡೀಸೆಲ್‌ಗೆ ಹೋಗುತ್ತದೆ. ಗುರುತು ಹಾಕುವುದು ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ನಂಬರ್ ಪಂಚ್ ಮತ್ತು ಸುತ್ತಿಗೆ ತಗೊಳ್ಳಬೇಡಿ. ಗಟ್ಟಿಗೊಳಿಸಿದ ಉಕ್ಕಿನ ಮೇಲೆ ಪಂಚ್ ಕೂರುವುದಿಲ್ಲ. ಕೂತರೆ ಆ ಗುಳಿಯಿಂದಲೇ ಮುಂದೆ ಬಿರುಕು ಶುರು, ಕೂರದಿದ್ದರೆ ಪಂಚ್‌ನ ಚೂರು ಕಣ್ಣಿಗೆ.

ಹೊಳೆಯುವ ಕ್ರೋಮ್ ಸ್ಪ್ಯಾನರ್‌ಗೆ ಕೈಯಲ್ಲಿ ಹಿಡಿಯುವ ಎನ್‌ಗ್ರೇವಿಂಗ್ ಪೆನ್ನೇ ಸರಿ. ಬಾಯಿಯ ಹತ್ತಿರ ಬೇಡ, ನಡುವಿನ ಪಟ್ಟಿಯಲ್ಲಿ ಎರಡಕ್ಷರ ಬರೆಯಿರಿ. ಕ್ರೋಮ್ ಇಲ್ಲದ ಕಪ್ಪು ಸ್ಪ್ಯಾನರ್, ಅರ, ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್), ಉಕ್ಕಿನ ಸ್ಕೇಲ್ ಇವಕ್ಕೆ ಉಪ್ಪುನೀರಿನ ಗುರುತು ಅಗ್ಗ ಮತ್ತು ಅಳಿಸದಂಥದ್ದು. ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು. ಗುರುತಿನ ಜಾಗವನ್ನು ಥಿನ್ನರ್‌ನಿಂದ ಒರೆಸಿ ನೇಲ್ ಪಾಲಿಶ್ ಬಳಿಯಿರಿ, ಒಣಗಿದ ಮೇಲೆ ಸೂಜಿಯಿಂದ ಹೆಸರು ಗೀಚಿ. 9 ವೋಲ್ಟ್ ಬ್ಯಾಟರಿಯ ಪ್ಲಸ್ ತಂತಿ ಟೂಲ್‌ಗೆ, ಮೈನಸ್ ತಂತಿ ಉಪ್ಪುನೀರಲ್ಲಿ ಅದ್ದಿದ ಹತ್ತಿಕಡ್ಡಿಗೆ. ಗೀಚಿದ ಮೇಲೆ ಐದು ಸೆಕೆಂಡ್ ಮುಟ್ಟಿಸಿ ಎತ್ತಿ, ಮತ್ತೆ ಮುಟ್ಟಿಸಿ. ಹತ್ತಿ ಕಪ್ಪಾದಂತೆ ಬದಲಿಸಿ. ಒಂದೆರಡು ನಿಮಿಷಕ್ಕೆ ಅಕ್ಷರ ಕಚ್ಚಿಕೊಳ್ಳುತ್ತದೆ. ತಂತಿ ಅದಲುಬದಲಾದರೆ ಗುಳ್ಳೆ ಬರುತ್ತದೆ, ಗುರುತು ಬೀಳುವುದಿಲ್ಲ. ಕೊನೆಗೆ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಉಪ್ಪು ಉಳಿದರೆ ಬೆಳಿಗ್ಗೆಯೊಳಗೆ ತುಕ್ಕು. ಕ್ರೋಮ್ ಮೇಲೆ ಇದನ್ನು ಮಾಡಬಾರದು, ಕರಗುವ ಕ್ರೋಮಿಯಂ ವಿಷ. ಡಿಜಿಟಲ್ ವರ್ನಿಯರ್‌ಗೂ ಬೇಡ, ಒಳಗಿನ ಸರ್ಕ್ಯೂಟ್ ಅಲ್ಲಿಗೇ ಮುಗಿಯುತ್ತದೆ.

ಗುರುತಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಖಾಲಿ ಜಾಗ. ಟೂಲ್ ಬಾಕ್ಸಿನ ಟ್ರೇಗೆ ದಪ್ಪ ಫೋಮ್ ಹಾಕಿ, ಒಂದೊಂದು ಸ್ಪ್ಯಾನರಿನ ಆಕಾರಕ್ಕೆ ಕೊಯ್ದು ಕೂರಿಸಿ. ಸಂಜೆ ಯಾವ ಗುಳಿ ಖಾಲಿ ಎಂದು ಮುಚ್ಚಳ ಹಾಕುವಾಗಲೇ ಕಾಣುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಖಾಲಿ ಇರುವ ಗುಳಿ 10 ಮಿ.ಮೀ. ಸ್ಪ್ಯಾನರಿನದ್ದೇ ಎಂದು ಕಣ್ಣು ಮುಚ್ಚಿ ಹೇಳಬಹುದು. 6 ಮಿ.ಮೀ. ದಪ್ಪದ ಎಂ6 ಬೋಲ್ಟಿನ ತಲೆ 10, ಗಾಡಿಯ ತುಂಬ ಅದೇ ಬೋಲ್ಟು. 10ರ ರಿಂಗ್, ಓಪನ್ ಎರಡನ್ನೂ ಎರಡೆರಡು ಇಟ್ಟುಕೊಳ್ಳಿ, ಜಗಳದ ಅರ್ಧ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಟಾರ್ಕ್ ರೆಂಚ್ ಕೊಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ತುಕ್ಕು ಹಿಡಿದ ನಟ್ ಬಿಚ್ಚಲು ಉದ್ದ ಹಿಡಿ ಬೇಕೆಂದೇ ಅದನ್ನು ಕೇಳುವವರು ಹೆಚ್ಚು. ಬಿಚ್ಚಲು ಬಳಸಿದ, ಪೈಪ್ ತೂರಿಸಿದ, ಕೆಳಗೆ ಬಿದ್ದ ರೆಂಚ್ ಮುಂಚಿನಂತೆಯೇ ‘ಟಕ್’ ಎನ್ನುತ್ತದೆ, ತಪ್ಪು ಬಿಗಿಯಲ್ಲಿ. ಕೊಟ್ಟಿದ್ದರೆ ಮರಳಿದ ಕೂಡಲೇ ಸ್ಕೇಲಿನ ಅತಿ ಕಡಿಮೆ ಗೆರೆಗೆ ಇಳಿಸಿಡಿ. ಆ ಗೆರೆಗಿಂತ ಕೆಳಕ್ಕೆ ಬಿಚ್ಚಬಾರದು. 5,000 ಸಲ ಬಳಸಿದ ಮೇಲೆ ಅಥವಾ 12 ತಿಂಗಳಿಗೆ, ಯಾವುದು ಮೊದಲೋ ಆಗ ಕ್ಯಾಲಿಬ್ರೇಶನ್. ಬಿದ್ದಿದ್ದರೆ ಕಾಯುವುದು ಬೇಡ, ಆಗಲೇ ಕಳಿಸಿ.

ಪ್ರಶ್ನೆ: ನನ್ನ ಸ್ವಂತ ಎಂ6 ಟ್ಯಾಪನ್ನು ಜೊತೆಯವನು ಜಾಬಿನೊಳಗೇ ಮುರಿದ. ಟ್ಯಾಪ್ ಹಳೆಯದಿತ್ತು, ಅದಕ್ಕೇ ಮುರಿಯಿತು ಅನ್ನುತ್ತಾನೆ. ದುಡ್ಡು ಕೇಳಬಹುದೇ?
— ಓದುಗರು, ಮಾಚೇನಹಳ್ಳಿ

ಉತ್ತರ: ಮೊದಲು ತೂತು ಅಳೆಯಿರಿ. ಎಂ6ಕ್ಕೆ ಡ್ರಿಲ್ 5.0 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5. 4.8ರ ಡ್ರಿಲ್ ಹಾಕಿದ್ದರೆ ಹೊಸ ಟ್ಯಾಪೂ ಮುರಿಯುತ್ತಿತ್ತು. ಆಗ ತಪ್ಪು ಅವನದು. ತೂತು ಸರಿಯಿದ್ದು, ಟ್ಯಾಪಿನ ಹಲ್ಲು ಮೊದಲೇ ಮೊಂಡಾಗಿದ್ದರೆ ನಿಮ್ಮ ಕೇಳಿಕೆಗೆ ಬಲವಿಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ಚೂರು ಮುರಿಯಬೇಕು, ಎಣ್ಣೆ ಬಿಡಬೇಕು, ಅಲ್ಯೂಮಿನಿಯಂ ಆದರೆ ಸೀಮೆಎಣ್ಣೆ. ಮೂರರ ಸೆಟ್‌ನಲ್ಲಿ ಮೊದಲನೆಯದನ್ನು ಬಿಟ್ಟು ಮೂರನೆಯದನ್ನೇ ಹಾಕಿದ್ದನೇ ಎಂದೂ ವಿಚಾರಿಸಿ.

ಕಾನೂನು ಹೇಳುವುದು ಇಷ್ಟು: ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವನ್ನು ಪಡೆದವನು ಮಾಡಿದ್ದರೆ ಹೊಣೆಯಿಲ್ಲ. ಹೇಳಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಬಳಸಿದ್ದರೆ ನಷ್ಟ ತುಂಬಿಕೊಡಬೇಕು. ಆದರೆ ಒಂದು ಟ್ಯಾಪಿಗೆ ಕೋರ್ಟ್ ಹತ್ತುವವರಿಲ್ಲ. ಟ್ಯಾಪ್, ಡ್ರಿಲ್ ಬಿಟ್, ಹ್ಯಾಕ್ಸಾ ಬ್ಲೇಡ್, ಕಟಿಂಗ್ ವೀಲ್ ಇವೆಲ್ಲ ಸವೆದು ಮುಗಿಯುವ ಸಾಮಾನು. ಕಂಪನಿಯ ಜಾಬಿಗೆ ಕಂಪನಿಯ ಸ್ಟೋರಿನಿಂದಲೇ ಬರಬೇಕು. ನಿಮ್ಮದನ್ನು ನೀವೇ ಹಾಕಿ ದುಡಿದರೂ, ಬೇರೆಯವರಿಗೆ ಕೊಟ್ಟರೂ ಲಾಭ ಮಾಲೀಕರದು.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಕೆಲಸ. ನನ್ನ ಹತ್ತಿಂಚಿನ ಕತ್ತರಿ ತಗೊಂಡು ಪೇಪರ್ ಪ್ಯಾಟರ್ನ್ ಕತ್ತರಿಸುತ್ತಾರೆ. ಬೇಡ ಅಂದರೆ ‘ಅಕ್ಕಾ, ಪೇಪರ್ ತಾನೇ’ ಅಂತಾರೆ.
— ಓದುಗರು, ರಾಮನಗರ

ಉತ್ತರ: ಪೇಪರಿನಲ್ಲಿ ಬಟ್ಟೆಯಲ್ಲಿಲ್ಲದ ಖನಿಜದ ಪುಡಿ ಇರುತ್ತದೆ, ಅದೇ ಅಲಗನ್ನು ತಿನ್ನುವುದು. ತೆಳು ಹತ್ತಿ ಬಟ್ಟೆಯ ಎರಡು ಪದರ ತಗೊಂಡು ಬುಡದಿಂದ ತುದಿಯವರೆಗೆ ಒಂದೇ ಸಲ ಕತ್ತರಿಸಿ ನೋಡಿ. ನಡುವೆ ಎಳೆ ಸಿಕ್ಕಿದರೆ ಅಲ್ಲಿ ಮೊಂಡು, ತುದಿಯಲ್ಲಿ ಮಡಚಿಕೊಂಡರೆ ಕತ್ತರಿ ಬಿದ್ದು ನಡುವಿನ ಸ್ಕ್ರೂ ಸಡಿಲಾಗಿದೆ. ಪೇಪರಿಗೆ ಬೇರೆ ಅಗ್ಗದ ಕತ್ತರಿ ಮೇಜಿಗೆ ದಾರ ಕಟ್ಟಿ ಇಡಿ, ನಿಮ್ಮದರ ಹಿಡಿಗೆ ಕೆಂಪು ಪಟ್ಟಿ ಸುತ್ತಿ. ಎಡಗೈಯವರು ಕೇಳಿದರೆ ಮಾತ್ರ ಖಂಡಿತ ಕೊಡಬೇಡಿ, ಅವರ ಕೈ ಒತ್ತುವ ದಿಕ್ಕಿಗೆ ನಿಮ್ಮ ಅಲಗುಗಳು ಬೇರೆಯಾಗುತ್ತವೆ.

ಪ್ರಶ್ನೆ: ಐ.ಟಿ.ಐ. ಮುಗಿಸಿ ಬಂದ ಹುಡುಗರ ಹತ್ತಿರ ಏನೂ ಇರುವುದಿಲ್ಲ. ‘ಅಣ್ಣಾ’ ಅಂತ ಬಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹೇಗೆ ನಿಭಾಯಿಸುವುದು?
— ಫಿಟ್ಟರ್, ಮೈಸೂರು

ಉತ್ತರ: ಇಲ್ಲ ಅನ್ನಬೇಕಾಗಿಲ್ಲ. ಕೊಡುವ ಡಬ್ಬಿ ಬೇರೆ ಮಾಡಿ. ಅದರಲ್ಲಿ 10-11 ಮತ್ತು 12-13ರ ಸ್ಪ್ಯಾನರ್, ಎರಡು ಸ್ಕ್ರೂಡ್ರೈವರ್, ಹಳೆ ಅರ, ಅಲೆನ್ ಕೀ ಸೆಟ್, ಅರ್ಧ ಕಿಲೋ ಸುತ್ತಿಗೆ, 300 ಮಿ.ಮೀ. ಸ್ಕೇಲ್. ಎಲ್ಲವೂ ನಿಮ್ಮ ನಿವೃತ್ತ ಸಾಮಾನುಗಳೇ ಆಗಿರಲಿ. ಆದರೆ ಅರಕ್ಕೆ ಹಿಡಿ ಇರಲೇಬೇಕು. ಹಿಡಿಯಿಲ್ಲದ ಅರ ತಡೆದು ನಿಂತರೆ ಅದರ ಚೂಪು ಬಾಲ ಅಂಗೈಗೆ ಇಳಿಯುತ್ತದೆ. ಸುತ್ತಿಗೆಯ ತಲೆ ಅಲುಗಬಾರದು. ಅಲೆನ್ ಕೀ ಮೂಲೆ ಸವೆದಿದ್ದರೆ ತುದಿಯ ಎರಡು-ಮೂರು ಮಿ.ಮೀ. ಗ್ರೈಂಡ್ ಮಾಡಿ ಆರೂ ಮೂಲೆ ಚೂಪಾಗಿರುವ ತುದಿ ತನ್ನಿ, ನೀಲಿ ಬಣ್ಣ ಬಾರದ ಹಾಗೆ ಪದೇಪದೇ ನೀರಿಗೆ ಅದ್ದುತ್ತ. ಅಲೆನ್ ಸೆಟ್‌ನಲ್ಲಿ ಇಂಚಿನ ಕೀ ಸೇರಿಕೊಂಡಿದೆಯೇ ನೋಡಿ. 3/16 ಅಂದರೆ 4.76 ಮಿ.ಮೀ., 5ರ ಸ್ಕ್ರೂಗೆ ಸಡಿಲವಾಗಿ ಕೂತು ತಿರುಗಿ ಸ್ಕ್ರೂವನ್ನೇ ಹಾಳು ಮಾಡುತ್ತದೆ. ಹುಡುಗ ನಿಮ್ಮನ್ನು ಬೈಯುವುದಿಲ್ಲ, ಸ್ಕ್ರೂ ಬಿಚ್ಚಲು ನಿಮ್ಮನ್ನೇ ಕರೆಯುತ್ತಾನೆ.

ವರ್ನಿಯರ್ ಕೇಳಿದರೆ ‘ಜಾಬ್ ತಗೊಂಡು ಬಾ, ಇಲ್ಲೇ ಅಳೆಯೋಣ’ ಅನ್ನಿ. ಅವನೇ ಅಳೆಯಲಿ, ನೀವು ನೋಡಿ. ಹಿಡಿಯುವ ಕ್ರಮ ಕಲಿತ ಹಾಗೂ ಆಯಿತು. ಕೊಟ್ಟದ್ದನ್ನು ವಾಪಸು ಕೇಳಲು ಸಂಕೋಚವೂ ಬೇಡ. ಪುಕ್ಕಟೆ ಕೊಟ್ಟದ್ದನ್ನು, ಇಂಥ ಹೊತ್ತಿನವರೆಗೆ ಎಂದು ಹೇಳಿದ್ದರೂ, ಕೊಟ್ಟವನು ಯಾವಾಗ ಬೇಕಾದರೂ ವಾಪಸು ಕೇಳಬಹುದು ಎಂದೇ ಒಪ್ಪಂದ ಕಾಯ್ದೆಯ 159ನೇ ಕಲಂ ಇದೆ. ಹಾಗೆ ಮಧ್ಯೆ ಕಿತ್ತುಕೊಂಡದ್ದರಿಂದ ಅವನಿಗೆ ಸಿಕ್ಕ ಅನುಕೂಲಕ್ಕಿಂತ ನಷ್ಟವೇ ಹೆಚ್ಚಾದರೆ ಮಾತ್ರ ತುಂಬಿಕೊಡಬೇಕಾಗುತ್ತದೆ.

ಪ್ರಶ್ನೆ: 15 ಜನರ ಯೂನಿಟ್ ನಡೆಸುತ್ತಿದ್ದೇನೆ. ಟೂಲ್ ಜಗಳಕ್ಕೆ ಸಾಕಾಗಿ ಎಲ್ಲವನ್ನೂ ಕಂಪನಿಯಿಂದಲೇ ಕೊಡಲು ನಿರ್ಧರಿಸಿದ್ದೇನೆ. ಲೆಕ್ಕ ಇಡುವುದು ಹೇಗೆ? ಕಳೆದರೆ ಸಂಬಳದಲ್ಲಿ ಹಿಡಿಯಬಹುದೇ?
— ಓದುಗರು, ಬೈಕಂಪಾಡಿ

ಉತ್ತರ: ಪುಸ್ತಕ ಇಟ್ಟರೆ ಎರಡನೇ ವಾರಕ್ಕೆ ಬರೆಯುವವರಿರುವುದಿಲ್ಲ. ಹಿತ್ತಾಳೆ ಬಿಲ್ಲೆಯ ಹಳೆ ಪದ್ಧತಿಯೇ ಮೇಲು. ರೂಪಾಯಿ ನಾಣ್ಯದಷ್ಟು ಬಿಲ್ಲೆ, ತೂತು ಕೊರೆದು, ಆಳಿನ ನಂಬರ್ ಒತ್ತಿದ್ದು, ತಲೆಗೆ ಐದು. ಅಂದರೆ 75. ಗೋಡೆಯ ಹಲಗೆಯ ಮೇಲೆ ಒಂದೊಂದು ಟೂಲಿನ ಆಕಾರ ಬಿಡಿಸಿ, ಅಲ್ಲೇ ಒಂದು ಕೊಕ್ಕೆ. ಟೂಲ್ ಎತ್ತಿದವನು ಬಿಲ್ಲೆ ನೇತುಹಾಕಬೇಕು. ಐದೂ ಮುಗಿದರೆ ಆರನೇ ಟೂಲ್ ಇಲ್ಲ, ಮೊದಲಿನದ್ದು ತಂದಿಟ್ಟರೆ ಬಿಲ್ಲೆ ಬಿಡುಗಡೆ. ಒಬ್ಬರಿಂದ ಒಬ್ಬರಿಗೆ ಕೈ ಬದಲಿಸುವಂತಿಲ್ಲ. ಬದಲಿಸಿದರೆ ಬಿಲ್ಲೆಯೂ ಬದಲಾಗಬೇಕು. ಈ ಒಂದು ನಿಯಮ ಸಡಿಲಾದರೆ ಇಡೀ ಹಲಗೆ ಗೋಡೆಯ ಅಲಂಕಾರ. ಶಿಫ್ಟ್ ಮುಗಿಯುವ ಹತ್ತು ನಿಮಿಷ ಮುಂಚೆ, ಗಂಟೆ ಹೊಡೆದ ಮೇಲಲ್ಲ, ಹಲಗೆ ನೋಡಿ. ವಿಮಾನ ದುರಸ್ತಿಯ ಕೆಲಸದಲ್ಲಿ ಒಂದು ಸ್ಪ್ಯಾನರ್ ಲೆಕ್ಕ ಸಿಗದಿದ್ದರೆ ಸಿಗುವವರೆಗೆ ವಿಮಾನವನ್ನೇ ಬಿಡುವುದಿಲ್ಲ. ನಿಮ್ಮಲ್ಲಿ ಅಷ್ಟು ಬೇಡ, ಆದರೆ ತಗಡು ಒತ್ತುವ ಪ್ರೆಸ್ ಟೂಲ್ ಇದ್ದರೆ ಅದರ ಅಚ್ಚಾದ ಡೈ ಒಳಗೆ ಉಳಿದ ಅಲೆನ್ ಕೀ ಎಷ್ಟರ ಖರ್ಚು ಎಂದು ನಿಮಗೇ ಗೊತ್ತು.

ಸಂಬಳದ ಮಾತು. ಹಿಡಿಯಲು ಅವಕಾಶ ಇದೆ, ಇಷ್ಟ ಬಂದಂತೆ ಅಲ್ಲ. ವಸ್ತುವನ್ನು ಆ ಕೆಲಸಗಾರನ ವಶಕ್ಕೇ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟ ಅವನ ಅಜಾಗರೂಕತೆಯಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಿರಬೇಕು, ಆದ ನಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿಯಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮವನ್ನೇ 2019ರ ವೇತನ ಸಂಹಿತೆಯೂ ಇಟ್ಟುಕೊಂಡಿದೆ. ‘ಯಾರು ತಗೊಂಡರೋ ಗೊತ್ತಿಲ್ಲ, ಹದಿನೈದು ಜನರ ಮೇಲೂ ನೂರು ನೂರು ಹಾಕಿ’ ಎನ್ನುವುದು ಇದರಡಿ ನಿಲ್ಲುವುದಿಲ್ಲ. ಕೊಕ್ಕೆಯಲ್ಲಿ ಅವನ ನಂಬರಿನ ಬಿಲ್ಲೆ ಇದ್ದರೆ ಯಾರ ವಶದಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಟೂಲಿಗೆ ಹೊಸದರ ಬೆಲೆ ಹಾಕಬೇಡಿ, ಬಿಲ್ಲೆ ಕಳೆದುಕೊಂಡವನಿಗೆ ಹಳೆ ನಂಬರಿನ ಬಿಲ್ಲೆ ಮತ್ತೆ ಒತ್ತಿಸಬೇಡಿ. ಕಳೆದದ್ದು ಯಾರ ಜೇಬಿನಲ್ಲೋ ಇದ್ದರೆ ಕಳೆದುಕೊಂಡವನ ಲೆಕ್ಕಕ್ಕೆ ಇನ್ನೊಬ್ಬ ಟೂಲ್ ಎತ್ತುತ್ತಾನೆ. ಹೊಸ ನಂಬರ್ ಕೊಟ್ಟು ಐದೂ ಬದಲಿಸಿ.